ದೊರೆಯ ಗೋರಿಯಲ್ಲಿ ಮೆಂತ್ಯ, ಕಾಲುಚೀಲ ಮತ್ತು ಕಹಳೆ

ಕೇಳುಗರಿಗೆ ನಮಸ್ಕಾರ.

ಪ್ರಾಚೀನ ಈಜಿಪ್ಟಿನ ದೊರೆ ಟುಟಾಂಖಾಮನ್ ಅಂದ ಕೂಡಲೇ ಆ ಚಿನ್ನದ ಮುಖವಾಡ ಕಣ್ಣ ಮುಂದೆ ಬರುತ್ತದೆ, ಅಲ್ವಾ? ನೀಲಿ ಪಟ್ಟೆ, ದೊಡ್ಡ ಕಣ್ಣು, ಹತ್ತು ಕಿಲೋಗೂ ಜಾಸ್ತಿ ತೂಕ. ಆದರೆ ಆ ಗೋರಿಯಲ್ಲಿ ಸಿಕ್ಕ ಸಾಮಾನುಗಳಲ್ಲಿ ನನಗೆ ತುಂಬಾ ಪ್ರೀತಿ ಇರುವುದು ದೊರೆಯ ಲಂಗೋಟಿಗಳ ಮೇಲೆ. ಸುಮಾರು 145 ಇದ್ದವು! ಪಕ್ಕದಲ್ಲೇ ಕೈಗವಸು, ಕಾಲುಚೀಲ. ಹೆಬ್ಬೆರಳಿಗೆ ಬೇರೆ ಜಾಗ ಬಿಟ್ಟು ಹೊಲಿದ ಕಾಲುಚೀಲ, ಚಪ್ಪಲಿಯ ಉಂಗುಷ್ಠ ಸಲೀಸಾಗಿ ಸೇರಲಿ ಅಂತ.

ಒಂದು ಜೊತೆ ಪಾದರಕ್ಷೆಯಲ್ಲಿ ಶತ್ರುಗಳ ಚಿತ್ರವಿದೆ. ಎಲ್ಲಿ ಗೊತ್ತೇ? ಪಾದ ಊರುವ ಜಾಗದಲ್ಲಿ. ಹುಡುಗ ಅಂಗಳದಲ್ಲಿ ಸುಮ್ನೆ ನಾಲ್ಕು ಹೆಜ್ಜೆ ಓಡಾಡಿದರೂ ಸಾಕು, ಒಂದು ಯುದ್ಧ ಗೆದ್ದ ಹಾಗೆ!

ಹೌದು, ಹುಡುಗನೇ. ಒಂಬತ್ತು ವರ್ಷದ ಹೊತ್ತಿಗೆ ಪಟ್ಟ, ಹದಿನೆಂಟು ಹತ್ತೊಂಬತ್ತಕ್ಕೆ ಸಾವು. ಅದಾಗಿ ಸುಮಾರು 3,300 ವರ್ಷವಾದ ಮೇಲೆ, 1922ರ ನವೆಂಬರ್ 4ರಂದು, ಈಜಿಪ್ಟಿನ ರಾಜರ ಕಣಿವೆಯಲ್ಲಿ ಪುರಾತತ್ವಜ್ಞ ಹೋವರ್ಡ್ ಕಾರ್ಟರ್ ಅವರ ಕೆಲಸಗಾರರಿಗೆ ಒಂದು ಮೆಟ್ಟಿಲು ಸಿಕ್ಕಿತು. ಒಳಗೆ ನಾಲ್ಕೇ ನಾಲ್ಕು ಸಣ್ಣ ಕೋಣೆ. ಅದರಲ್ಲಿ 5,000ಕ್ಕೂ ಹೆಚ್ಚು ವಸ್ತು! ಎಲ್ಲವನ್ನೂ ಹೊರಗೆ ತರಲು ಹತ್ತು ವರ್ಷ ಹಿಡಿಯಿತು.

ನನಗಂತೂ ಅದು ನಿಧಿಗಿಂತ ಹೆಚ್ಚಾಗಿ ಮನೆ ಖಾಲಿ ಮಾಡುವ ದಿನದ ಗಡಿಬಿಡಿಯ ಹಾಗೆ ಕಾಣುತ್ತದೆ. ಮಂಚದ ಮೇಲೆ ಕುರ್ಚಿ, ಕುರ್ಚಿಯ ಕೆಳಗೆ ಪೆಟ್ಟಿಗೆ. ದಾರಿಯಲ್ಲಿ ತೂರಲಿಲ್ಲವೆಂದು ರಥಗಳ ಅಚ್ಚನ್ನೇ ಗರಗಸದಲ್ಲಿ ಕೊಯ್ದಿದ್ದರು. ಪ್ರಯಾಣಕ್ಕೆ ಅಂತ ಮೂರಾಗಿ ಮಡಚುವ ಮಂಚವೂ ಒಂದಿತ್ತು.

ಇನ್ನು ಅಡುಗೆಮನೆ. ಬಾತುಕೋಳಿ, ದನದ ಮಾಂಸ ತುಂಬಿದ 48 ಮರದ ಪೆಟ್ಟಿಗೆ. ಜೇನುತುಪ್ಪ, ಬೆಳ್ಳುಳ್ಳಿ, ಕಡಲೆ, ಕೊತ್ತಂಬರಿ, ಮೆಂತ್ಯ. ಮೆಂತ್ಯ ಕೂಡ! ಕಟ್ಟಿಕೊಟ್ಟವರು ಯಾರೋ, ಒಗ್ಗರಣೆ ಡಬ್ಬಿಯನ್ನೂ ಮರೆತಿಲ್ಲ. ದ್ರಾಕ್ಷಾರಸದ ಹೂಜಿಗಳ ಮೇಲೆ ಯಾವ ವರ್ಷದ್ದು, ಯಾವ ತೋಟದ್ದು, ಮಾಡಿದ ಮೇಸ್ತ್ರಿ ಯಾರು ಎಂದು ಬರೆದಿದೆ. ರುಚಿ ಕೆಟ್ಟರೆ ಯಾರನ್ನು ಕೇಳಬೇಕು ಎಂಬುದು ಪರಲೋಕದಲ್ಲೂ ಗೊತ್ತಿರಬೇಕಲ್ಲ!

ಕೆಲಸಕ್ಕೆ ಜನ? ಅದಕ್ಕೂ ವ್ಯವಸ್ಥೆ ಇತ್ತು. ಸತ್ತ ಮೇಲೂ ಹೊಲದ ಕೆಲಸಕ್ಕೆ ಕರೆ ಬರುತ್ತದೆ, ದೊರೆಯನ್ನೂ ಬಿಡುವುದಿಲ್ಲ ಎಂಬುದು ಈಜಿಪ್ಟಿನವರ ನಂಬಿಕೆ. ಹಾಗಾಗಿ ಬದಲಿ ಆಳುಗಳಾಗಿ ಪುಟ್ಟ ಗೊಂಬೆಗಳನ್ನು ಜೊತೆಗೆ ಕಳಿಸುತ್ತಿದ್ದರು. ಹೆಸರು ಕೂಗಿದರೆ ಗೊಂಬೆ ‘ಇಗೋ, ಬಂದೆ’ ಅನ್ನಬೇಕು. ಟುಟಾಂಖಾಮನ್‌ಗೆ ದಿನಕ್ಕೊಂದರಂತೆ 365 ಆಳು. ಅವರ ವಾರಕ್ಕೆ ಹತ್ತು ದಿನ, ವಾರಕ್ಕೊಬ್ಬನಂತೆ 36 ಮೇಲ್ವಿಚಾರಕರು. ಅವರನ್ನು ನೋಡಿಕೊಳ್ಳಲು ತಿಂಗಳಿಗೊಬ್ಬನಂತೆ ಇನ್ನೂ 12 ಜನ. ಒಟ್ಟು 413. ಒಂದು ದಿನವಾದರೂ ದೊರೆ ತಾನೇ ಗುದ್ದಲಿ ಹಿಡಿಯುವ ಪ್ರಸಂಗ ಬಾರದ ಹಾಗೆ ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ಹಾಕಿದವರ ಕಾಳಜಿ ನೋಡಿ ನನಗೆ ನಗುವೂ ಬರುತ್ತದೆ, ಪ್ರೀತಿಯೂ ಬರುತ್ತದೆ.

ಬಡಗಿಗಳ ಕಥೆ ಇನ್ನೂ ಚೆನ್ನಾಗಿದೆ. ಒಂದರೊಳಗೊಂದು ಮನುಷ್ಯನ ಆಕಾರದ ಮೂರು ಶವಪೆಟ್ಟಿಗೆ, ಅವನ್ನು ಇಡಲು ಕಲ್ಲಿನ ದೊಡ್ಡ ತೊಟ್ಟಿ. ಎಲ್ಲ ಇಳಿಸಿದರು. ಮುಚ್ಚಳ ಕೂರಲಿಲ್ಲ! ಹೊರಗಿನ ಪೆಟ್ಟಿಗೆಯ ಕಾಲ್ಬೆರಳು ಸ್ವಲ್ಪ ಎತ್ತರವಾಗಿತ್ತು. ಚಿನ್ನದ ಲೇಪವಿದ್ದ ಆ ಬೆರಳನ್ನು ಅಲ್ಲೇ ಕೆತ್ತಿ ತಗ್ಗಿಸಿದರು. ಕೆತ್ತಿದ ಚಕ್ಕೆಗಳನ್ನು ಗುಡಿಸುವಷ್ಟೂ ಪುರುಸೊತ್ತಿರಲಿಲ್ಲ. ಅವು ತೊಟ್ಟಿಯ ತಳದಲ್ಲೇ ಉಳಿದು ಕಾರ್ಟರ್ ಕೈಗೆ ಸಿಕ್ಕವು. ಸುತ್ತ ನಿಲ್ಲಿಸಿದ ನಾಲ್ಕು ಚಿನ್ನದ ಮಂಟಪಗಳ ಹಲಗೆಗಳ ಮೇಲೆ ಯಾವುದು ಎಲ್ಲಿಗೆ ಅಂತ ಗುರುತು ಹಾಕಿ ಕಳಿಸಿದ್ದರು. ಆದರೂ ದಿಕ್ಕು ತಪ್ಪಿ ಕೂರಿಸಿದ್ದಾರೆ! ಕೂಡದ ಕಡೆ ಸುತ್ತಿಗೆಯಲ್ಲಿ ಬಡಿದ ಗುರುತು ಇವತ್ತಿಗೂ ಇದೆ.

ಕಳ್ಳರೂ ಬಂದಿದ್ದರು, ಪುರಾತನ ಕಾಲದಲ್ಲೇ, ಎರಡು ಸಲ. ಬಟ್ಟೆಯಲ್ಲಿ ಗಂಟು ಕಟ್ಟಿದ ಚಿನ್ನದ ಉಂಗುರಗಳು ಅಲ್ಲೇ ಉಳಿದಿವೆ. ಸುಗಂಧದ ಲೇಪವಿದ್ದ ಜಾಡಿಯನ್ನು ಬಳಿದುಕೊಂಡು ಹೋದ ಬೆರಳಚ್ಚು ಕೂಡ.

ಗೋರಿಯಲ್ಲಿ ಸುಮಾರು 130 ಊರುಗೋಲುಗಳೂ ಇದ್ದವು. ಚಿನ್ನದವು, ದಂತದವು, ಕರಿಮರದವು. ಅವುಗಳ ನಡುವೆ ಒಂದು ಬರೀ ಜೊಂಡಿನ ಕೋಲು. ಅದಕ್ಕೆ ಚಿನ್ನದ ಕಟ್ಟು ಹಾಕಿ ಬರೆದಿದ್ದಾರೆ: ಇದನ್ನು ದೊರೆಯೇ ತನ್ನ ಕೈಯಾರೆ ಕತ್ತರಿಸಿದ್ದು. ಹುಡುಗ ಕೆರೆದಂಡೆಗೋ ನದಿದಂಡೆಗೋ ಹೋಗಿ ಜೊಂಡು ಮುರಿದು ತಂದಿರಬೇಕು. ಅರಮನೆಯಲ್ಲಿ ಯಾರೋ ಅದನ್ನು ಎಸೆಯದೆ ಎತ್ತಿಟ್ಟರು.

ಬಾನುಲಿಯಲ್ಲಿ ಮಾತಾಡುತ್ತಾ ಕಹಳೆಯ ವಿಷಯ ಹೇಳದೆ ಹೇಗೆ ಇರಲಿ? ಬೆಳ್ಳಿಯದೊಂದು, ತಾಮ್ರದ್ದೊಂದು. ನೆಗ್ಗಬಾರದು ಅಂತ ಎರಡರೊಳಗೂ ಮರದ ಅಚ್ಚು ಇಟ್ಟಿದ್ದರು. 1939ರ ಏಪ್ರಿಲ್ 16ರಂದು ಕೈರೋ ವಸ್ತುಸಂಗ್ರಹಾಲಯದಲ್ಲಿ ಜೇಮ್ಸ್ ಟ್ಯಾಪರ್ನ್ ಎಂಬ ಸೇನೆಯ ವಾದಕ ಅವನ್ನು ಊದಿದರು. ಬಿಬಿಸಿ ಅದನ್ನು ಪ್ರಸಾರ ಮಾಡಿತು. ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕತ್ತಲಲ್ಲಿ ಮಲಗಿದ್ದ ದನಿ ಜನರ ಮನೆಯ ರೇಡಿಯೋದಲ್ಲಿ ಕೇಳಿಸಿತು! ಸ್ವಲ್ಪ ಒರಟು, ಸ್ವಲ್ಪ ನಡುಗುವ ದನಿ. ಧ್ವನಿಮುದ್ರಣ ಈಗಲೂ ಇದೆ. ಸಿಕ್ಕರೆ ಕೇಳಿ.

ನಮಸ್ಕಾರ.