ಸುರಂಗ ದಾಟಿದರೆ ರಸ್ತೆಯೇ ಇಲ್ಲ

[ದೃಶ್ಯ: ಕಾಡಿನ ನಡುವೆ ಕತ್ತಲು ಸುರಂಗ]

ಈ ಸುರಂಗ ನೋಡಿ. ಉದ್ದ ಸುಮಾರು 1,200 ಅಡಿ. ಆ ಕಡೆ ಹೊರಗೆ ಬಂದರೆ ಡಾಂಬರು ಮುಗಿದು, ಕಾಡು ಶುರು. ಅಮೆರಿಕದ ನಾರ್ತ್ ಕ್ಯಾರೊಲಿನಾದ ಸ್ವೇನ್ ಕೌಂಟಿ ಜನ ಇದನ್ನು ‘ಎಲ್ಲಿಗೂ ಹೋಗದ ರಸ್ತೆ’ ಅನ್ನುತ್ತಾರೆ. ಹೋಗಬೇಕಿದ್ದದ್ದು ಮಾತ್ರ ಅವರ ಹಿರಿಯರ ಸಮಾಧಿಗಳ ಕಡೆಗೆ.

[ದೃಶ್ಯ: ಹೊಲ, ಮರದ ಮನೆಗಳ ಹಳೆಯ ಫೋಟೋ]

ಸ್ಮೋಕಿ ಬೆಟ್ಟಗಳ ಕೆಳಗೆ ಲಿಟಲ್ ಟೆನೆಸೀ ನದಿ ಹರಿಯುತ್ತದೆ. ಮೊದಲು ಇದು ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರ ನೆಲ. 1830ರ ಸುಮಾರಿಗೆ ಹೇಜಲ್ ಕ್ರೀಕ್ ಎಂಬ ಹಳ್ಳದ ದಂಡೆಗೆ ಮೋಸೆಸ್ ಮತ್ತು ಪೇಷನ್ಸ್ ಪ್ರಾಕ್ಟರ್ ದಂಪತಿ ಬಂದು ನೆಲೆಸಿದರು. ಇನ್ನಷ್ಟು ರೈತರು ಬಂದರು. ಮೆಕ್ಕೆಜೋಳ ಬೆಳೆದರು, ಹಂದಿ ಸಾಕಿದರು. ಊರಿಗೆ ಪ್ರಾಕ್ಟರ್ ಎಂದೇ ಹೆಸರಾಯಿತು. ಆ ದಂಪತಿಯ ಮನೆ ಇದ್ದ ಜಾಗವೇ ಇವತ್ತು ಸ್ಮಶಾನ. ಇಬ್ಬರೂ ಅಲ್ಲೇ ಮಲಗಿದ್ದಾರೆ.

ಆಮೇಲೆ ಎರಡನೇ ಮಹಾಯುದ್ಧ. ವಿಮಾನಕ್ಕೆ ಅಲ್ಯೂಮಿನಿಯಂ ಬೇಕು, ಅಲ್ಯೂಮಿನಿಯಂಗೆ ವಿಪರೀತ ಕರೆಂಟ್ ಬೇಕು. ಕರೆಂಟ್ ತಯಾರಿಸಲು 1942ರಲ್ಲಿ ಇದೇ ನದಿಗೆ ಫಾಂಟಾನಾ ಅಣೆಕಟ್ಟಿನ ಕೆಲಸ ಶುರುವಾಯಿತು. ಎತ್ತರ 480 ಅಡಿ! ಸುಮಾರು 1,300 ಕುಟುಂಬಗಳು ಜಾಗ ಖಾಲಿ ಮಾಡಿದವು. ನೀರು ಬರುವ ಕಡೆಯ ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದು ಬೇರೆಡೆಗೆ ಸಾಗಿಸಿದರು. ಗುಡ್ಡದ ಮೇಲಿನ ಸ್ಮಶಾನಗಳು ಮುಳುಗಲಿಲ್ಲ. ಅಲ್ಲಿಗೆ ಹೋಗುತ್ತಿದ್ದ ರಸ್ತೆ ಮುಳುಗಿತು.

ಸರ್ಕಾರ 1943ರಲ್ಲಿ ಕೌಂಟಿಯ ಜೊತೆ ಒಪ್ಪಂದ ಮಾಡಿಕೊಂಡಿತು: ಆ ಗುಡ್ಡದ ಕಡೆಯ 44,000 ಎಕರೆ ಸ್ಮೋಕಿ ಬೆಟ್ಟಗಳ ರಾಷ್ಟ್ರೀಯ ಉದ್ಯಾನಕ್ಕೆ, ಬದಲಿಗೆ ಯುದ್ಧ ಮುಗಿದ ಮೇಲೆ ಹೊಸ ರಸ್ತೆ. ಕಟ್ಟಿದ್ದು ಸುಮಾರು 7 ಮೈಲಿ ಅಷ್ಟೇ. ಬೆಟ್ಟ ಕಡಿದಾಗ ಅಲ್ಲಿನ ಕಲ್ಲಿನಿಂದ ಆಮ್ಲ ಒಸರಿ ಹಳ್ಳ ಸೇರುತ್ತದೆ ಅಂತ 1970ರ ದಶಕದಲ್ಲಿ ಕೆಲಸ ನಿಂತಿತು. ಕಾರಣ ಸುಳ್ಳೇನಲ್ಲ. ಆದರೆ ಮನೆ ಬಿಟ್ಟುಕೊಟ್ಟವರಿಗೆ ಅದನ್ನು ಹೇಗೆ ಹೇಳೋದು, ಅಲ್ವಾ? 2010ರಲ್ಲಿ ರಸ್ತೆಯ ಬದಲು ಕೌಂಟಿಗೆ 5.2 ಕೋಟಿ ಡಾಲರ್ ಕೊಡುವುದೆಂದು ತೀರ್ಮಾನವಾಯಿತು.

[ದೃಶ್ಯ: ಸರೋವರದಲ್ಲಿ ದೋಣಿ]

ಈಗ ಉದ್ಯಾನದವರೇ ದೋಣಿ ಬಿಡುತ್ತಾರೆ. ಬೇಸಿಗೆಯ ಕೆಲವು ಭಾನುವಾರ ಮನೆಮಂದಿಯೆಲ್ಲ ಆ ದಡಕ್ಕೆ ಹೋಗುತ್ತಾರೆ. ಹುಲ್ಲು ಕಿತ್ತು, ಸಮಾಧಿಯ ಮಣ್ಣನ್ನು ಮತ್ತೆ ದಿಬ್ಬ ಮಾಡಿ, ಹೂವಿಡುತ್ತಾರೆ. ಹಾಡು, ಪ್ರಾರ್ಥನೆ. ಆಮೇಲೆ ಮನೆಯಿಂದ ತಂದ ಬುತ್ತಿ ಬಿಚ್ಚಿ ಎಲ್ಲರೂ ಒಟ್ಟಿಗೆ ಊಟ. ಇದಕ್ಕೆ ‘ಡೆಕೊರೇಷನ್ ಡೇ’ ಎನ್ನುತ್ತಾರೆ. ಸಂಜೆಯೊಳಗೆ ಮತ್ತೆ ದೋಣಿ ಹತ್ತಬೇಕು. ಕೆಳಗೆ, ನೀರಿನ ತಳದಲ್ಲಿ, ಆ ಹಳೆಯ ರಸ್ತೆ ಇದೆ.