ನೀರು ಕೊಡಗಿನದು, ಸಕ್ಕರೆ ಮಂಡ್ಯದ್ದು

ತುಲಾ ಸಂಕ್ರಮಣದ ದಿನ ತಲಕಾವೇರಿಗೆ ಬಂದು ನೋಡಿ. ಬಿಂದಿಗೆ ಹಿಡಿದು ತೀರ್ಥಕ್ಕೆ ಕಾಯುವವರಲ್ಲಿ ಮಂಡ್ಯದವರು ಇದ್ದೇ ಇರುತ್ತಾರೆ. ಆಗ ನಾವು ಕೊಡಗಿನವರು ಸ್ವಲ್ಪ ಬೀಗುತ್ತೇವೆ, ಮಂಡ್ಯವನ್ನು ಸಾಕಿದವಳು ನಮ್ಮ ಮನೆಮಗಳೇ ಎಂದು. ನನ್ನ ಮಾತಿಗೆ ಬೇಸರಿಸಬೇಡಿ: ಕಾವೇರಿ ಮಂಡ್ಯಕ್ಕೆ ತಾನಾಗಿ ಹೋದವಳಲ್ಲ. ಕರೆಸಿಕೊಂಡರು.

ಮಂಡ್ಯ ಪೇಟೆ ಹೊಳೆದಂಡೆಯಲ್ಲಿಲ್ಲ. ಹೊಳೆ ದೂರದಲ್ಲಿ ತನ್ನ ಪಾಡಿಗೆ ಹರಿಯುತ್ತಿತ್ತು, ಇಲ್ಲಿನ ರೈತ ಮೋಡ ನೋಡುತ್ತಾ ರಾಗಿ, ಹುರುಳಿ ಬಿತ್ತುತ್ತಿದ್ದ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ, ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಮುಗಿಯಲು ಎರಡು ದಶಕ ಹಿಡಿಯಿತು. ನೀರಿಗೆ ಗುಡ್ಡ ಅಡ್ಡ ಬಂದಾಗ ಹುಲಿಕೆರೆಯ ಬಳಿ ಸುರಂಗವನ್ನೇ ಕೊರೆದರು. ವೈಸರಾಯ್ ಇರ್ವಿನ್ ಹೆಸರು ಹೊತ್ತ ಆ ನಾಲೆಗೆ ಈಗ ವಿಶ್ವೇಶ್ವರಯ್ಯನವರ ಹೆಸರು.

ನಾಲೆ ಬಂದ ಮೇಲೆ ಕಬ್ಬು ಬಂತು. ಇಲ್ಲಿದೆ ನೋಡಿ ಸ್ವಾರಸ್ಯ: ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ. ಒಂದೆರಡು ದಿನ ಬಿಸಿಲಲ್ಲಿ ಬಿದ್ದರೆ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಹಾಗಾಗಿ ಕಾರ್ಖಾನೆಯೇ ಗದ್ದೆಯ ಮಗ್ಗುಲಿಗೆ ಬರಬೇಕಾಯಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಹಟ ಹಿಡಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಹಿಂದೆಯೂ ಇದೇ ಕೋಲ್ಮನ್ ಇದ್ದರು. ನಮ್ಮ ತೋಟದವರಿಗೂ ಅವರು ಪೂರ್ತಿ ಪರಕೀಯರಲ್ಲ. ಕಾರ್ಖಾನೆಯ ಬೆನ್ನಿಗೆ ಗಾಡಿ, ಲಾರಿ, ವರ್ಕ್‌ಶಾಪು, ಬ್ಯಾಂಕು, ಕೂಲಿಕಾರರ ಬೀದಿಗಳು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು.

ನಮ್ಮ ಕಾಫಿ ಸಾಧು ಬೆಳೆ. ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿದರೆ ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತದೆ, ಹೇಳಿದ ಕಡೆಗೆ ಹೋಗುತ್ತದೆ. ಹೋಯಿತು ಕೂಡ: ಘಟ್ಟ ಇಳಿದು ಮಂಗಳೂರಿಗೆ, ತಲಶ್ಶೇರಿಗೆ, ಈ ಕಡೆ ಹುಣಸೂರಿಗೆ. ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ಕೆಲಸವೂ ಅದರ ಕೂಲಿಯೂ ಅಲ್ಲೇ ಉಳಿದವು. ಮಡಿಕೇರಿಯಲ್ಲಿ ಚಿಮಣಿ ಏಳಲಿಲ್ಲವಲ್ಲ ಎಂದು ನಾನೇನೂ ಕೊರಗುವುದಿಲ್ಲ, ಅದು ಬೇರೆ ಮಾತು.

ಕುಶಾಲನಗರದ ಬಗ್ಗೆ ಮಾತ್ರ ಹಾಗೆ ಹೇಳಲಾರೆ. ಪಕ್ಕದಲ್ಲೇ ಹಾರಂಗಿ ಅಣೆಕಟ್ಟು ಇದೆ, ನಾಲೆಯೂ ಇದೆ. ಆದರೆ ಆ ನೀರುಣ್ಣುವ ಹೊಲಗಳಲ್ಲಿ ಹೆಚ್ಚಿನವು ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡು ಕಡೆಯವು. ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಕ್ಯೂರಿಂಗ್ ಘಟಕಗಳು ಬಂದಿವೆ, ನಿಜ. ತಡವಾಗಿ ಬಂದವು.

ಮಂಡ್ಯದ ಕಾರ್ಖಾನೆಯೂ ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯಿತು. ನಿಂತಿದ್ದಾಗ ಅಲ್ಲಿನವರು ಬೀದಿಗಿಳಿದು ಕೇಳಿದರು. ಕೂಡ್ಲೂರಿನ ಒಂದು ಘಟಕ ನಾಳೆ ಬಾಗಿಲು ಹಾಕಿದರೆ ಕುಶಾಲನಗರದಲ್ಲಿ ಯಾರು ಕೇಳುತ್ತಾರೆ?