ಪ್ಯಾನೆಲ್ ಮೇಲೆ 100 ವ್ಯಾಟ್, ರೂಟರ್‌ಗೆ ಸಿಗೋದೆಷ್ಟು?

ಮೊದಲು ಈ ಪವರ್ ಬ್ಯಾಂಕ್ ನೋಡಿ. 20,000 ಎಂಎಎಚ್ ಸಾಮರ್ಥ್ಯ, ಬೆನ್ನಿಗೆ ಅಂಟಿಸಿದ ಅಂಗೈಯಗಲದ ಸೋಲಾರ್ ಪ್ಯಾನೆಲ್. ಡಬ್ಬಿ ಮೇಲೆ ‘ಬಿಸಿಲಲ್ಲೇ ಚಾರ್ಜ್’ ಅಂತ ಬರೆದಿದ್ದಾರೆ. ಲೆಕ್ಕ ಹಾಕೋಣ. ಒಳಗಿನ ಸೆಲ್ 3.7 ವೋಲ್ಟ್, ಅಂದ್ರೆ ಒಟ್ಟು 74 ವ್ಯಾಟ್-ಅವರ್. ಪ್ಯಾನೆಲ್ ಅಳತೆ 15 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಚದರ ಮೀಟರ್ ಮೇಲೆ ಸುಮಾರು 1000 ವ್ಯಾಟ್ ಬೀಳುತ್ತೆ. ಇಷ್ಟು ಜಾಗದ ಮೇಲೆ 12 ವ್ಯಾಟ್. ಅದರಲ್ಲಿ ಐದನೇ ಒಂದು ಭಾಗ ಕರೆಂಟ್ ಆಗುತ್ತೆ, ಸರ್ಕ್ಯೂಟ್‌ನಲ್ಲಿ ಒಂದಿಷ್ಟು ಹೋಗುತ್ತೆ, ಉಳಿಯೋದು 2 ವ್ಯಾಟ್. ಖಾಲಿ ಪವರ್ ಬ್ಯಾಂಕ್ ತುಂಬೋಕೆ 37 ಗಂಟೆ ನೆತ್ತಿಬಿಸಿಲು ಬೇಕು. ದಿನಕ್ಕೆ ಅಂಥ ಬಿಸಿಲು ನಾಲ್ಕೂವರೆ ಗಂಟೆಯಷ್ಟು ಸಿಕ್ಕಿದ್ರೂ ಎಂಟು ದಿನ. ಇನ್ನೊಂದು ತೊಂದರೆ ಏನಂದ್ರೆ, ಲಿಥಿಯಂ ಸೆಲ್ 45 ಡಿಗ್ರಿಗಿಂತ ಬಿಸಿಯಾದಾಗ ಚಾರ್ಜ್ ಮಾಡಬಾರದು. ಚಾರ್ಜ್ ಆಗ್ಬೇಕಾದ್ರೆ ಬಿಸಿಲಲ್ಲಿಡ್ಬೇಕು, ಬಿಸಿಲಲ್ಲಿಟ್ರೆ ಬ್ಯಾಟರಿ ಹಾಳು. ಇದು ಟಾರ್ಚ್ ಇರೋ ಪವರ್ ಬ್ಯಾಂಕ್ ಅಷ್ಟೇ, ಪ್ಯಾನೆಲ್ ಅಲಂಕಾರಕ್ಕೆ.

ಬಿಸಿಲಿನಿಂದ ನಿಜವಾಗಿ ಏನಾದ್ರೂ ನಡೀಬೇಕು ಅಂದ್ರೆ ಪ್ಯಾನೆಲ್ ಹೊರಗೆ, ಬ್ಯಾಟರಿ ನೆರಳಲ್ಲಿ. ನಮ್ಮ ಗುರಿ ಚಿಕ್ಕದು: ಒಂದು ವೈಫೈ ರೂಟರ್ ದಿನಪೂರ್ತಿ, ಎರಡು ಫೋನ್, ಸಂಜೆ ನಾಲ್ಕು ಗಂಟೆ ಒಂದು 5 ವ್ಯಾಟ್ ಎಲ್‌ಇಡಿ.

ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತಿರುತ್ತೆ. ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ. ರೂಟರ್ ಎಳೆಯೋದು ಬೇರೆ, ಅದನ್ನ ಮೀಟರ್ ಇಟ್ಟೇ ನೋಡಬೇಕು. ಇಲ್ಲಿ ತೋರಿಸ್ತಿರೋದು 8 ವ್ಯಾಟ್. 24 ಗಂಟೆಗೆ 192. ಫೋನ್ ಒಂದಕ್ಕೆ ಸೋರಿಕೆ ಸೇರಿಸಿ 25, ಎರಡಕ್ಕೆ 50. ದೀಪಕ್ಕೆ 20. ಒಟ್ಟು 262 ವ್ಯಾಟ್-ಅವರ್, ಕನ್ವರ್ಟರ್ ನಷ್ಟ ಸೇರಿ 290 ಅಂತಿಟ್ಕೊಳ್ಳಿ. ಎಷ್ಟು ಸಣ್ಣ ಸಾಮಾನು, ಆದ್ರೆ ದಿನವಿಡೀ ಉರಿಯೋದೇ ಬಜೆಟ್ ತಿನ್ನುತ್ತೆ.

ಈಗ 100 ವ್ಯಾಟ್ ಪ್ಯಾನೆಲ್. ಆ ಅಂಕಿ ಲ್ಯಾಬ್‌ನದ್ದು: ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು, ಸೆಲ್ ತಾಪ 25 ಡಿಗ್ರಿ. ನಿಜವಾದ ಬಿಸಿಲಲ್ಲಿ ಸೆಲ್ 60 ಡಿಗ್ರಿ ಮುಟ್ಟುತ್ತೆ. ಸಿಲಿಕಾನ್ ಪ್ರತಿ ಡಿಗ್ರಿಗೆ ಸುಮಾರು 0.35 ಶೇಕಡಾ ಶಕ್ತಿ ಕಳ್ಕೊಳ್ಳುತ್ತೆ, ಅಲ್ಲಿಗೇ 12 ಶೇಕಡಾ ಹೋಯ್ತು. ಧೂಳು, ವೈರ್, ಕಂಟ್ರೋಲರ್ (ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನಿಭಾಯಿಸೋ ಡಬ್ಬಿ) ಎಲ್ಲಾ ಕಳೆದು 70 ಶೇಕಡಾ ಸಿಕ್ಕಿದ್ರೆ ಪುಣ್ಯ. ನಾಲ್ಕೂವರೆ ಗಂಟೆಗೆ 315 ವ್ಯಾಟ್-ಅವರ್. ಮೋಡ ಇಲ್ಲದ ದಿನ ನಮ್ಮ 290 ಸರಿಹೋಗುತ್ತೆ, ಅಷ್ಟೇ. ಪ್ಯಾನೆಲನ್ನ ಗೋಡೆಗೋ ಶೀಟಿಗೋ ಅಂಟಿಸದೆ ಹಿಂದೆ ನಾಲ್ಕು ಬೆರಳು ಗಾಳಿ ಬಿಡಿ, ಕೆಲವು ಡಿಗ್ರಿ ಉಳಿಯುತ್ತೆ.

ಬಿಸಿಗಿಂತ ದೊಡ್ಡ ಶತ್ರು ನೆರಳು, ಇಲ್ಲಿ ಸ್ವಲ್ಪ ನಿಲ್ಲೋಣ. ಈ ಪ್ಯಾನೆಲ್‌ನಲ್ಲಿ 36 ಸೆಲ್ ಸರಣಿಯಲ್ಲಿವೆ, ಒಂದೊಂದೂ ಅರ್ಧ ವೋಲ್ಟ್ ಕೊಟ್ಟು ಒಟ್ಟು 18 ವೋಲ್ಟ್. ಒಬ್ಬ ನಿಂತರೆ ಹಿಂದಿನವರೆಲ್ಲ ನಿಲ್ಲೋ ಕಾಲುದಾರಿ ಇದು. ಒಂದು ಸೆಲ್ ಮೇಲೆ ಎಲೆ ಬಿದ್ರೆ ಇಡೀ ಸಾಲಿನ ಕರೆಂಟ್ ಕುಗ್ಗುತ್ತೆ. ಅದಕ್ಕೇ ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ, ನೆರಳು ಬಿದ್ದ ಭಾಗ ಬಿಟ್ಟು ಕರೆಂಟ್‌ಗೆ ಪಕ್ಕದ ದಾರಿ ಕೊಡೋ ಬೈಪಾಸ್ ಡಯೋಡ್ ಇರೋದು, ಸಾಮಾನ್ಯವಾಗಿ 18 ಸೆಲ್‌ಗೆ ಒಂದು. ‘ಹಾಗಾದ್ರೆ ಅರ್ಧ ಹೋದ್ರೂ ಅರ್ಧ ಬರುತ್ತಲ್ಲ’ ಅಂತ ಅನ್ನಿಸುತ್ತೆ. ಬರಲ್ಲ. ಅರ್ಧ ಪ್ಯಾನೆಲ್ ಅಂದ್ರೆ 9 ವೋಲ್ಟ್, ನಮ್ಮ 12 ವೋಲ್ಟ್ ಬಗೆಯ ಬ್ಯಾಟರಿ ನಿಂತಿರೋದು 13ರಲ್ಲಿ. 9 ವೋಲ್ಟ್ 13ರೊಳಗೆ ನುಗ್ಗಲ್ಲ, ಚಾರ್ಜಿಂಗ್ ಹೆಚ್ಚುಕಡಿಮೆ ಸೊನ್ನೆ. ಬಾಲ್ಕನಿ ಕಂಬಿಯ ನೆರಳು ಒಂದು ಸಾಲು ದಾಟಿದ್ರೂ ಸಾಕು.

ಪರಿಹಾರ ಅಗ್ಗದ್ದೇ. ಒಂದು 100 ವ್ಯಾಟ್ ಬದಲು ಎರಡು 50 ವ್ಯಾಟ್ ತಗೊಂಡು ಸರಣಿಯಲ್ಲಿ ಜೋಡಿಸಿ, ಎಂಪಿಪಿಟಿ ಕಂಟ್ರೋಲರ್ ಹಾಕಿ. ಅದು ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜನ್ನ ಬ್ಯಾಟರಿಗೆ ತಕ್ಕಂತೆ ಇಳಿಸಿ, ಸಿಗೋ ಶಕ್ತಿಯನ್ನ ಆದಷ್ಟು ಹಿಂಡುತ್ತೆ. ಈಗ 36 ವೋಲ್ಟ್. ಒಂದು ಸೆಲ್ ಮುಚ್ಚಿದ್ರೂ 27 ಉಳಿಯುತ್ತೆ, ಬ್ಯಾಟರಿಗೆ ಹರಿಯುತ್ತೆ. ಆದ್ರೆ ಎಚ್ಚರ: ಲೋಡ್ ಇಲ್ಲದಾಗ ಎರಡೂ ಸೇರಿ 44 ವೋಲ್ಟ್ ತೋರಿಸುತ್ತವೆ, ಚಳಿಯಲ್ಲಿ ಇನ್ನೂ ಏರುತ್ತೆ, ಸೊನ್ನೆ ಡಿಗ್ರಿಯಲ್ಲಿ 47ರ ಹತ್ತಿರ. ಕಂಟ್ರೋಲರ್ ಮಿತಿ 50 ಇದ್ರೆ ತೀರಾ ಅಂಚು, 75 ಅಥವಾ 100 ವೋಲ್ಟ್‌ನದ್ದು ಆರಿಸಿ. ಮಿತಿ ಮೀರಿದ್ರೆ ಕಂಟ್ರೋಲರ್ ಸುಡುತ್ತೆ, ವಾರಂಟಿನೂ ಸಿಗಲ್ಲ.

ಪಿಡಬ್ಲ್ಯುಎಂ ಕಂಟ್ರೋಲರ್ ಅಗ್ಗ, ಆದ್ರೆ ಅದು ಪ್ಯಾನೆಲನ್ನ ಬ್ಯಾಟರಿ ವೋಲ್ಟೇಜ್‌ಗೆ ಎಳೆದು ಕೂರಿಸುತ್ತೆ. ಒಂಟಿ 18 ವೋಲ್ಟ್ ಪ್ಯಾನೆಲ್‌ನ 5.5 ಆಂಪಿಯರ್ 13 ವೋಲ್ಟ್‌ನಲ್ಲಿ ಬಂದ್ರೆ 72 ವ್ಯಾಟ್, ಮಿಕ್ಕಿದ್ದು ಸಿಗಲ್ಲ. 36 ವೋಲ್ಟ್‌ಗೆ ಅದನ್ನ ಹಾಕೋದಂತೂ ದಂಡ.

ಬ್ಯಾಟರಿಗೆ ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್ 30 ಆಂಪಿಯರ್-ಅವರ್, 384 ವ್ಯಾಟ್-ಅವರ್. ಒಳಗೆ ಬಿಎಂಎಸ್ (ಬ್ಯಾಟರಿಯನ್ನ ಕಾಯೋ ಸರ್ಕ್ಯೂಟ್) ಇರೋದನ್ನೇ ಕೇಳಿ. ಕಂಟ್ರೋಲರ್‌ನಲ್ಲಿ ಬ್ಯಾಟರಿ ಬಗೆಯನ್ನ ಲಿಥಿಯಂಗೆ ಬದಲಿಸೋದು ಮರೀಬೇಡಿ. ಲೆಡ್ ಆಸಿಡ್ ಸೆಟ್ಟಿಂಗ್‌ನ ಈಕ್ವಲೈಸ್ ಹಂತ ವೋಲ್ಟೇಜನ್ನ 14.6ರ ಮೇಲೆ ಏರಿಸುತ್ತೆ, ಬಿಎಂಎಸ್ ಪದೇ ಪದೇ ಕಡಿತ ಮಾಡುತ್ತೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಗೆ ಚಾರ್ಜ್ ಕೊಡಲೇಬಾರದು.

ಜೋಡಿಸೋ ಕ್ರಮ ಹೀಗೆ. ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ಲೋಡ್. ಬಿಚ್ಚೋವಾಗ ಉಲ್ಟಾ. ಕಂಟ್ರೋಲರ್ 12ರ ಬ್ಯಾಟರಿಯೋ 24ರದ್ದೋ ಅನ್ನೋದನ್ನ ಮೊದಲು ಬ್ಯಾಟರಿ ನೋಡಿ ತಿಳ್ಕೊಳ್ಳುತ್ತೆ, ಪ್ಯಾನೆಲ್ ಮೊದಲು ಕೊಟ್ರೆ ಕೆಲವು ಮಾಡೆಲ್ ಗೊಂದಲಕ್ಕೆ ಬಿದ್ದು ಹೊಗೆ ಹಾಕ್ತವೆ. ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. ಫ್ಯೂಸ್ ದೂರ ಇಟ್ರೆ ನಡುವಿನ ವೈರ್ ಶಾರ್ಟ್ ಆದಾಗ ಅದನ್ನ ತಡೆಯೋರು ಯಾರೂ ಇಲ್ಲ. ಪ್ಯಾನೆಲ್‌ನ ಎಂಸಿ4 ಕನೆಕ್ಟರನ್ನ ಕರೆಂಟ್ ಹರೀತಿರೋವಾಗ ಎಳೀಬೇಡಿ. ಡಿಸಿ ಕಿಡಿ ತಾನಾಗಿ ಆರಲ್ಲ, ಪ್ಯಾನೆಲ್ ಮೇಲೆ ಬಟ್ಟೆ ಹೊದಿಸಿ ಆಮೇಲೆ ಬಿಚ್ಚಿ.

ವೈರ್ ವಿಷಯದಲ್ಲಿ ಜಿಪುಣತನ ಬೇಡ. ಒಂಟಿ ಪ್ಯಾನೆಲ್‌ನಿಂದ 10 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರ ಎಳೆದ್ರೆ ಹೋಗಿ ಬರೋ 20 ಮೀಟರ್‌ನಲ್ಲಿ 5.5 ಆಂಪಿಯರ್‌ಗೆ 1.3 ವೋಲ್ಟ್ ಮಾಯ. 4 ಚದರ ಮಿ.ಮೀ. ಆದ್ರೆ ಅರ್ಧ ವೋಲ್ಟ್. ಎರಡು ಪ್ಯಾನೆಲ್ ಸರಣಿಯಲ್ಲಿದ್ರೆ ಕರೆಂಟ್ ಅರ್ಧವಾಗಿ ಈ ನಷ್ಟ ಇನ್ನೂ ಇಳಿಯುತ್ತೆ.

ರೂಟರ್‌ಗೆ ಇನ್ವರ್ಟರ್ ಬೇಡ, ಅದು ಸುಮ್ಮನೆ ಕೂತೇ 5ರಿಂದ 10 ವ್ಯಾಟ್ ತಿನ್ನುತ್ತೆ, ಅಂದ್ರೆ ರೂಟರ್ ತಿನ್ನೋಷ್ಟೇ. ನೇರ ಬ್ಯಾಟರಿಗೂ ಕಟ್ಟಬೇಡಿ, ವೋಲ್ಟೇಜ್ 10ರಿಂದ 14.6ರವರೆಗೆ ಆಡುತ್ತೆ. ನಡುವೆ 12 ವೋಲ್ಟ್ ಬಕ್-ಬೂಸ್ಟ್ ಮಾಡ್ಯೂಲ್ ಇಡಿ, ಬ್ಯಾಟರಿ ಏರಿದ್ರೂ ಇಳಿದ್ರೂ ಅದು 12ನ್ನೇ ಕೊಡುತ್ತೆ. ಜ್ಯಾಕ್‌ನಲ್ಲಿ ಪ್ಲಸ್ ಒಳಗಿದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಿಯೇ ಚುಚ್ಚಿ.

ಮಡಚೋ ಪ್ಯಾನೆಲ್‌ನಿಂದ ಫೋನ್ ನೇರ ಚಾರ್ಜ್ ಮಾಡೋರಿಗೆ ಒಂದು ಮಾತು: ಮೋಡ ಹಾದ್ರೆ ವೋಲ್ಟೇಜ್ ಕುಸಿದು ಫೋನ್ ಕಳಚಿಕೊಳ್ಳುತ್ತೆ, ಬಿಸಿಲು ಬಂದ ಮೇಲೂ ಕಡಿಮೆ ಕರೆಂಟ್‌ನಲ್ಲೇ ಉಳಿಯಬಹುದು. ನಡುವೆ ಪವರ್ ಬ್ಯಾಂಕ್ ಇಡಿ, ನೆರಳಲ್ಲಿ.

ಹೊಸದರ ಬಗ್ಗೆ. ಪೆರೋವ್‌ಸ್ಕೈಟ್ ಅನ್ನೋ ಹರಳಿನ ರಚನೆಯ ವಸ್ತುವಿನಿಂದ ಮಾಡೋ ಸೋಲಾರ್ ಸೆಲ್ 2009ರಲ್ಲಿ 3.8 ಶೇಕಡಾ ದಕ್ಷತೆಯಿಂದ ಶುರುವಾಯ್ತು. ಸಿಲಿಕಾನ್ ಮೇಲೆ ಪದರವಾಗಿ ಹಾಕಿದ ಟ್ಯಾಂಡೆಮ್ ಸೆಲ್ ಲ್ಯಾಬ್‌ನಲ್ಲಿ ಈಗ 34 ದಾಟಿದೆ, ಸಿಲಿಕಾನ್ ಒಂದಕ್ಕೇ ಇರೋ ಸೈದ್ಧಾಂತಿಕ ಮಿತಿ 29.4. ತೊಡಕು ತೇವ ಮತ್ತು ಬಿಸಿ. ಸಾಮಾನ್ಯ ಪ್ಯಾನೆಲ್ ಪಾಸಾಗಬೇಕಾದ ಪರೀಕ್ಷೆ 85 ಡಿಗ್ರಿ, 85 ಶೇಕಡಾ ಆರ್ದ್ರತೆಯಲ್ಲಿ 1000 ಗಂಟೆ. ಡಬ್ಬಿ ಮೇಲೆ ‘ಪೆರೋವ್‌ಸ್ಕೈಟ್’ ಅಂತ ಕಂಡ್ರೆ ಐಇಸಿ 61215 (ಇಂಥ ಪರೀಕ್ಷೆಗಳ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರ ಮತ್ತು ಎಷ್ಟು ವರ್ಷದ ವಾರಂಟಿ ಅಂತ ಕೇಳಿ.

ಮನೆಯೊಳಗಿನ ಬೆಳಕಲ್ಲೇ ನಡೆಯೋ ಒಳಾಂಗಣ ಸೋಲಾರ್ ಸೆಲ್ ಮಾತ್ರ ಈಗಲೇ ಕೆಲಸಕ್ಕೆ ಬರುತ್ತೆ. ಸ್ಯಾಮ್‌ಸಂಗ್ 2021ರಿಂದ ಟಿವಿ ರಿಮೋಟ್‌ನಲ್ಲೇ ಕೊಡ್ತಿದೆ. ಬಿಸಿಲು 1,00,000 ಲಕ್ಸ್ ಇದ್ರೆ ಮನೆಯೊಳಗಿನ ಬೆಳಕು 300ರಿಂದ 500. ರಿಮೋಟ್, ಕೀಬೋರ್ಡ್, ತಾಪದ ಸೆನ್ಸರ್‌ನಂಥ ಕಡಿಮೆ ಕರೆಂಟ್ ಸಾಮಾನಿಗೆ ಅದು ಸಾಕು. ಮೇಜಿನ ದೀಪದಡಿ ಫೋನ್ ತುಂಬೋ ಕವರ್ ಅಂತ ಯಾರಾದ್ರೂ ಮಾರಿದ್ರೆ, ಆ ಪವರ್ ಬ್ಯಾಂಕ್‌ಗೆ ಹಾಕಿದ ಲೆಕ್ಕವನ್ನೇ ಹಾಕಿ, ಬೆಳಕನ್ನ ಮಾತ್ರ ಇನ್ನೂರನೇ ಒಂದು ಭಾಗಕ್ಕೆ ಇಳಿಸಿ.